ಕುದುರೆಯನ್ನು ಕೊಟ್ಟು ಗೆದ್ದ ಮಿಖಾಯಿಲ್ ತಾಲ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚಿತ್ರಣವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಮಂಜೇಶ್ವರದ ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿ ಬೆಳಗಿದ ಈ ನೆಲದಲ್ಲಿ ಅಂತಹ ಹಿರಿಯರೊಬ್ಬರ ಚರಿತ್ರೆಯನ್ನೇ ಓದುಗರು ನನ್ನಿಂದ ನಿರೀಕ್ಷಿಸುವುದು ಸಹಜ. ಆದರೆ ನಾನು ಆರಿಸಿಕೊಂಡಿರುವುದು ಕಾಸರಗೋಡಿನಿಂದ ಸಾವಿರಾರು ಮೈಲಿಗಳಾಚೆ, ಬಾಲ್ಟಿಕ್ ಸಮುದ್ರದ ಸಮೀಪದ ರಿಗಾ ನಗರದಲ್ಲಿ ಹುಟ್ಟಿದ ಒಬ್ಬ ಚದುರಂಗದ ಆಟಗಾರರನ್ನು. ಅವರ ಹೆಸರು ಮಿಖಾಯಿಲ್ ತಾಲ್. ಈ ಆಯ್ಕೆಗೆ ಕಾರಣವಿದೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಶಾಲೆಯ ವಿದ್ಯಾರ್ಥಿಯೊಬ್ಬನಿಗೆ ನನ್ನಿಂದ ಆದ ಒಂದು ಅನ್ಯಾಯವು ಈ ಮಹಾಶಯರ ಹೆಸರಿನೊಂದಿಗೆ ಹೆಣೆದುಕೊಂಡಿದೆ. ಶಾಲೆಗೆ ಐವತ್ತು ತುಂಬಿ, ನನಗೂ ಎಪ್ಪತ್ತು ದಾಟಿರುವ ಈ ಹೊತ್ತಿನಲ್ಲಿ ಅದನ್ನು ಹೇಳದೆ ಉಳಿದರೆ ಮುಂದೆ ಹೇಳುವ ಅವಕಾಶ ಒದಗಲಾರದು.

ಅದು 1992ರ ಜುಲೈ ತಿಂಗಳು. ಹೊರಗೆ ಎಡೆಬಿಡದ ಮಳೆ. ಒಂದು ಬೆಳಿಗ್ಗೆ ಶಾಲೆಯ ಸೂಚನಾ ಫಲಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಸಣ್ಣ ತುಣುಕು ಅಂಟಿಕೊಂಡಿರುವುದನ್ನು ಕಂಡೆ. ತಾಲ್ ಎಂಬ ಮಾಜಿ ವಿಶ್ವ ಚದುರಂಗ ಚಾಂಪಿಯನ್ ನಿಧನರಾದರೆಂಬ ಸುದ್ದಿ ಅದು. ಮುಖ್ಯೋಪಾಧ್ಯಾಯರ ಅನುಮತಿಯಿಲ್ಲದೆ ಫಲಕದಲ್ಲಿ ಏನನ್ನೂ ಹಚ್ಚಬಾರದೆಂಬುದು ನಿಯಮ. ವಿಚಾರಿಸಿದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತಾನಾಗಿ ಮುಂದೆ ಬಂದನು. ಮಿತಭಾಷಿ, ಲೆಕ್ಕದಲ್ಲಿ ಚುರುಕು, ಬರವಣಿಗೆಯಲ್ಲಿ ಅವಸರ. ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಸತ್ತವರು ಯಾರು, ನಮ್ಮ ಶಾಲೆಗೂ ಅವರಿಗೂ ಏನು ಸಂಬಂಧ ಎಂದು ನಾನು ಕೇಳಿದೆನು. ಅವನು ಉತ್ತರ ಹೇಳಲಿಲ್ಲ. ಆಟದ ಸಾಮಾನುಗಳ ಕಪಾಟಿನಿಂದ ಚದುರಂಗದ ಹಾಸನ್ನು ತಂದು ನನ್ನ ಮೇಜಿನ ಮೇಲೆ ಹರಡಿದನು. ಸೋವಿಯೆತ್ ಪುಸ್ತಕಗಳ ಪ್ರದರ್ಶನದಲ್ಲಿ ಅಗ್ಗದ ಬೆಲೆಗೆ ಕೊಂಡ ಒಂದು ಗ್ರಂಥದಿಂದ ನೋಟುಪುಸ್ತಕಕ್ಕೆ ಬರೆದುಕೊಂಡಿದ್ದ ಒಂದು ಆಟವನ್ನು ನಡೆ ನಡೆಯಾಗಿ ತೋರಿಸತೊಡಗಿದನು. ಇಪ್ಪತ್ತೊಂದನೆಯ ನಡೆಗೆ ಬಂದಾಗ ಕರಿಕಾಯಿಯವರು ತಮ್ಮ ಕುದುರೆಯನ್ನು ಎದುರಾಳಿಯ ಪದಾತಿಯ ಬಾಯಿಗೆ ಇಟ್ಟರು. ಇದರಿಂದ ಸಿಕ್ಕಿದ್ದೇನೆಂದು ನಾನು ಕೇಳಿದೆ. ಹುಡುಗನಿಗೆ ವಿವರಿಸಲು ಬರಲಿಲ್ಲ. ಘಂಟೆ ಹೊಡೆಯಿತು, ಅವನನ್ನು ತರಗತಿಗೆ ಕಳುಹಿಸಿದೆನು.

ಮುಂದಿನದನ್ನು ಆಮೇಲೆ ಹೇಳುತ್ತೇನೆ. ಮೊದಲು ತಾಲ್ ಅವರ ಕಥೆ.

ಮಿಖಾಯಿಲ್ ತಾಲ್ ಅವರು ಲಾಟ್ವಿಯಾ ದೇಶದ ರಾಜಧಾನಿಯಾದ ರಿಗಾದಲ್ಲಿ 1936ರ ನವೆಂಬರ್ 9ರಂದು ಒಂದು ಯಹೂದ್ಯ ಕುಟುಂಬದಲ್ಲಿ ಜನಿಸಿದರು. ತಂದೆ ವೈದ್ಯರು. ಹುಟ್ಟಿನಿಂದಲೇ ಮಗುವಿನ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು. ಶೈಶವದಲ್ಲಿಯೇ ಮಾರಕವಾದ ಕಾಯಿಲೆಯೊಂದು ಬಂದು ಹೋಯಿತು. ಆ ಕೈಯಿಂದಲೇ ಮುಂದೆ ಅವರು ಪಿಯಾನೋ ನುಡಿಸಲು ಕಲಿತರು. ಆ ಕೈಯಿಂದಲೇ ಜಗತ್ತಿನ ಅತಿ ಬಲಿಷ್ಠ ಆಟಗಾರರನ್ನು ಮಣಿಸಿದರು.

ಅವರ ಬಾಲ್ಯವು ಗಡಿಗಳು ಅಳಿಸಿಹೋಗಿ ಮತ್ತೆ ಬರೆಯಲ್ಪಡುತ್ತಿದ್ದ ಕಾಲ. 1940ರಲ್ಲಿ ಲಾಟ್ವಿಯಾವನ್ನು ಸೋವಿಯೆತ್ ಒಕ್ಕೂಟವು ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷ ಜರ್ಮನ್ ಸೈನ್ಯವು ರಿಗಾದತ್ತ ನುಗ್ಗಿ ಬಂದಿತು. ತಾಲ್ ಕುಟುಂಬವು ಅದಕ್ಕೆ ಮುಂಚೆಯೇ ಪೂರ್ವ ದಿಕ್ಕಿಗೆ, ರಷ್ಯಾದ ಒಳನಾಡಿಗೆ ಹೋಗಿ ಪಾರಾಯಿತು. ನಗರದಲ್ಲಿ ಉಳಿದ ಯಹೂದ್ಯರಲ್ಲಿ ಬಹುಪಾಲು ಮಂದಿ ಆ ವರ್ಷ ಮುಗಿಯುವುದರೊಳಗೆ ಹತ್ಯೆಗೀಡಾದರು. ಯುದ್ಧ ಮುಗಿದ ಮೇಲೆ ಹಿಂದಿರುಗಿದ ಬಾಲಕನು ಹೊಸ ಆಡಳಿತದ ಹಳೆಯ ಊರನ್ನು ಕಂಡನು. 1956ರಲ್ಲಿ ನಮ್ಮ ತಾಲೂಕು ಒಂದು ರಾಜ್ಯದ ಭೂಪಟದಿಂದ ಇನ್ನೊಂದಕ್ಕೆ ಸರಿದುದನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವನು ನಾನು. ರಕ್ತ ಹರಿದ ಆ ಇತಿಹಾಸವನ್ನು ನಮ್ಮದಕ್ಕೆ ಹೋಲಿಸಬಾರದು. ಆದರೂ ಮನೆ ಅಲ್ಲಿಯೇ ಇದ್ದು ನಾಡು ಬದಲಾಗುವುದೆಂದರೇನೆಂಬುದು ಈ ಭಾಗದ ಓದುಗರಿಗೆ ತಿಳಿಯದ ವಿಷಯವಲ್ಲ.

ತಂದೆಯವರ ಆಟವನ್ನು ನೋಡಿ ಎಂಟನೆಯ ವಯಸ್ಸಿನ ಸುಮಾರಿಗೆ ತಾಲ್ ಚದುರಂಗ ಕಲಿತರು. ರಿಗಾದ ಬಾಲಭವನದಲ್ಲಿ ಚದುರಂಗದ ತರಗತಿಗಳು ನಡೆಯುತ್ತಿದ್ದವು. ಅಲ್ಲಿ ಅವರ ಅಭ್ಯಾಸ ಸಾಗಿತು. ಅಲೆಕ್ಸಾಂಡರ್ ಕೋಬ್ಲೆಂಟ್ಸ್ ಎಂಬ ಗುರುಗಳು ದೊರೆತರು. ಆ ಗುರುಶಿಷ್ಯರ ನಂಟು ದೀರ್ಘಕಾಲದ್ದಾಯಿತು. 1953ರಲ್ಲಿ ತಾಲ್ ಲಾಟ್ವಿಯಾದ ಚಾಂಪಿಯನ್ ಆದರು. ಎಳೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾನಿಲಯಕ್ಕೆ ಸೇರಿ ಸಾಹಿತ್ಯವನ್ನು ಅಭ್ಯಾಸ ಮಾಡಿದರು. ಇಲ್ಫ್ ಮತ್ತು ಪೆಟ್ರೋವ್ ಎಂಬ ಜೋಡಿ ಲೇಖಕರ ವಿಡಂಬನ ಕೃತಿಗಳನ್ನು ಕುರಿತು ಪ್ರಬಂಧ ಬರೆದರು. ಪದವಿಯ ನಂತರ ಸ್ವಲ್ಪ ಕಾಲ ರಿಗಾದ ಶಾಲೆಯೊಂದರಲ್ಲಿ ಉಪಾಧ್ಯಾಯರೂ ಆಗಿದ್ದರು. ಈ ಸಂಗತಿಯನ್ನು ನಾನು ತಿಳಿದದ್ದು ನಿವೃತ್ತಿಯ ನಂತರ. ತಿಳಿದಾಗ, ನಮ್ಮ ವೃತ್ತಿಬಾಂಧವರೊಬ್ಬರನ್ನು ಅರಿಯದೆ ಅವಮಾನಿಸಿದಂತೆ ಮನಸ್ಸಿಗೆ ಅಳುಕಾಯಿತು.

1957ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವರು ಸೋವಿಯೆತ್ ಒಕ್ಕೂಟದ ಚಾಂಪಿಯನ್ ಪದವಿಯನ್ನು ಗೆದ್ದರು. ಮರುವರ್ಷವೂ ಅದನ್ನು ಉಳಿಸಿಕೊಂಡರು. 1959ರಲ್ಲಿ ಯುಗೊಸ್ಲಾವಿಯಾದಲ್ಲಿ ಎಂಟು ಮಂದಿ ಘಟಾನುಘಟಿಗಳ ನಡುವೆ ಅಭ್ಯರ್ಥಿಗಳ ಪಂದ್ಯಾವಳಿ ನಡೆಯಿತು. ಅದರಲ್ಲಿ ಗೆದ್ದವರಿಗೆ ವಿಶ್ವ ಚಾಂಪಿಯನ್ನರೊಡನೆ ಆಡುವ ಹಕ್ಕು. ಇಪ್ಪತ್ತೆಂಟು ಆಟಗಳಲ್ಲಿ 20 ಅಂಕ ಗಳಿಸಿ ತಾಲ್ ಪ್ರಥಮ ಸ್ಥಾನ ಪಡೆದರು. ಮುಂದೆ ಜಗತ್ಪ್ರಸಿದ್ಧನಾದ ಅಮೆರಿಕದ ಬಾಬಿ ಫಿಶರ್ ಆಗ ಹದಿನಾರರ ಹುಡುಗ. ಅವನೊಡನೆ ಆಡಿದ ನಾಲ್ಕು ಆಟಗಳನ್ನೂ ಗೆದ್ದರು.

ಆಗಿನ ವಿಶ್ವ ಚಾಂಪಿಯನ್ ಮಿಖಾಯಿಲ್ ಬೊಟ್ವಿನ್ನಿಕ್. ವೃತ್ತಿಯಿಂದ ವಿದ್ಯುತ್ ಎಂಜಿನಿಯರು. 1948ರಲ್ಲಿ ಪಟ್ಟವೇರಿದವರು, ನಡುವೆ ಒಂದು ವರ್ಷ ಕಳೆದುಕೊಂಡು ಮತ್ತೆ ಗಳಿಸಿಕೊಂಡವರು. ಚದುರಂಗವನ್ನು ಶಾಸ್ತ್ರದಂತೆ ಅಭ್ಯಾಸ ಮಾಡಿ, ಪ್ರತಿಯೊಂದು ನಡೆಯನ್ನೂ ಕಾರಣಸಹಿತವಾಗಿ ಇಡುವುದು ಅವರ ಪದ್ಧತಿ. ನಲವತ್ತೆಂಟು ವರ್ಷದ ಈ ಶಿಸ್ತಿನ ಶಿಲ್ಪಿಗೂ ಇಪ್ಪತ್ತಮೂರರ ತಾಲ್ ಅವರಿಗೂ ಮಾಸ್ಕೋದ ಪುಷ್ಕಿನ್ ರಂಗಮಂದಿರದಲ್ಲಿ 1960ರ ಮಾರ್ಚಿಯಲ್ಲಿ ಪಂದ್ಯ ಆರಂಭವಾಯಿತು. ಮೊದಲ ಆಟವನ್ನು ತಾಲ್ ಗೆದ್ದರು. ಬಳಿಕ ನಾಲ್ಕು ಆಟಗಳು ಡ್ರಾ. ಆರನೆಯ ಆಟದಲ್ಲಿ ತಾಲ್ ಅವರದು ಕರಿಕಾಯಿ.

ಚದುರಂಗದಲ್ಲಿ ಬಿಳಿಕಾಯಿಯವರಿಗೆ ಮೊದಲ ನಡೆ. ಕರಿಕಾಯಿಯವರು ಯಾವಾಗಲೂ ಎರಡನೆಯವರು. ಒಂದು ಹೆಜ್ಜೆ ಹಿಂದಿರುವ ಈ ಕೊರತೆಯನ್ನು ತೀರಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ತಾಳ್ಮೆಯಿಂದ ಸರಿಸಮಾನತೆಯನ್ನು ಸಾಧಿಸಿ ಡ್ರಾಗೆ ತೃಪ್ತಿಪಡುವುದು. ಇನ್ನೊಂದು, ಅಪಾಯವನ್ನು ಮೈಮೇಲೆ ಎಳೆದುಕೊಂಡು ಎದುರೇಟು ಕೊಡುವುದು. ತಾಲ್ ಆರಿಸಿಕೊಂಡದ್ದು ಎರಡನೆಯದನ್ನು. ಆ ಆರಂಭಕ್ಕೆ ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಎಂದು ಹೆಸರು. ಹಾಸಿನ ನಡುಭಾಗವನ್ನು ಎದುರಾಳಿಗೆ ಬಿಟ್ಟುಕೊಟ್ಟು, ತನ್ನ ಒಂಟೆಯನ್ನು ರಾಜನ ಮಗ್ಗುಲಿನ ಮೂಲೆಯಲ್ಲಿ ಹೊಂಚಿಗೆ ಕೂರಿಸಿ, ಸಮಯ ನೋಡಿ ನಡುಭಾಗವನ್ನು ಒಡೆಯುವುದು ಅದರ ಮರ್ಮ. ಸ್ವಲ್ಪ ತಪ್ಪಿದರೂ ಕರಿಕಾಯಿಯವರು ಉಸಿರುಗಟ್ಟಿ ಸೋಲುತ್ತಾರೆ.

ಈ ಹೆಸರಿನಲ್ಲಿರುವ ಇಂಡಿಯನ್ ಎಂಬ ಮಾತು ನಮ್ಮ ದೇಶಕ್ಕೆ ಸೇರಿದ್ದು. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಸ್ಕಾಟ್ಲೆಂಡಿನ ನ್ಯಾಯವಾದಿ ಜಾನ್ ಕಾಕ್ರೇನ್ ಎಂಬವರೊಡನೆ ಬಂಗಾಳದ ಮಹೇಶ್ಚಂದ್ರ ಬ್ಯಾನರ್ಜಿ ಎಂಬವರು ನೂರಾರು ಆಟಗಳನ್ನು ಆಡಿದರು. ನಮ್ಮ ನಾಡುಪದ್ಧತಿಯಲ್ಲಿ ಪದಾತಿಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುತ್ತದೆ. ಎರಡು ಮನೆ ಜಿಗಿಯುವುದು ಐರೋಪ್ಯರ ಕ್ರಮ. ಒಂದೊಂದೇ ಮನೆಯಾಗಿ ಮುಂದೆ ಸರಿಯುವ ಈ ಅಭ್ಯಾಸದಿಂದಲೇ ಒಂಟೆಯನ್ನು ಮೂಲೆಯಲ್ಲಿ ಕೂರಿಸುವ ರೀತಿ ಭಾರತೀಯರಲ್ಲಿ ಬೆಳೆದಿತ್ತು. ಆ ಆಟಗಳ ದಾಖಲೆಗಳು ಯುರೋಪಿಗೆ ಹೋಗಿ, ಅಂತಹ ಆರಂಭಗಳಿಗೆಲ್ಲ ಇಂಡಿಯನ್ ಎಂಬ ಹೆಸರು ನಿಂತಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ಸೋದರಮಾವಂದಿರು ಆಡುತ್ತಿದ್ದುದೂ ಆ ನಾಡುಪದ್ಧತಿಯನ್ನೇ. ನಾವು ಮಂತ್ರಿ ಎನ್ನುವ ಕಾಯಿಗೆ ಇಂಗ್ಲಿಷರು ರಾಣಿ ಎನ್ನುತ್ತಾರೆ. ರಷ್ಯನ್ನರ ಹೆಸರು ಮಾತ್ರ ಪಾರಸಿಯಿಂದ ಬಂದ, ಮಂತ್ರಿ ಎಂಬ ಅರ್ಥದ್ದೇ. ನಮ್ಮ ಒಂಟೆಗೆ ಅವರು ಆನೆ ಎನ್ನುವರು, ನಮ್ಮ ಆನೆಗೆ ದೋಣಿ ಎನ್ನುವರು. ಕುದುರೆ ಮಾತ್ರ ಎಲ್ಲಿಯೂ ಕುದುರೆಯೇ.

ಆ ಕುದುರೆಯ ಕಥೆಗೆ ಬರೋಣ. ಇಪ್ಪತ್ತು ನಡೆಗಳಾಗಿದ್ದವು. ತಾಲ್ ಅವರ ಎರಡು ಆನೆಗಳೂ ಮಂತ್ರಿಯೂ ಎದುರಾಳಿಯ ಮಂತ್ರಿಯ ಪಾರ್ಶ್ವವನ್ನು ಒತ್ತುತ್ತಿದ್ದವು. ಆದರೆ ಬೊಟ್ವಿನ್ನಿಕ್ ಅವರ ಕೋಟೆ ಭದ್ರವಾಗಿತ್ತು. ಒಂಟೆಯ ದಾಳಿಗೆ ಸಿಕ್ಕ ಆನೆಯನ್ನು ಅವರು ಇಪ್ಪತ್ತೊಂದನೆಯ ನಡೆಯಲ್ಲಿ ಮೂಲೆಗೆ ಸರಿಸಿದರು. ಆಗ ತಾಲ್ ಹಾಸಿನ ಅಂಚಿನಲ್ಲಿದ್ದ ತಮ್ಮ ಕುದುರೆಯನ್ನು ಎತ್ತಿ ಬಿಳಿಯ ಪದಾತಿಯ ಎದುರಿಗೆ ಇಟ್ಟರು. ಅದನ್ನು ಹಿಡಿದರೆ ಪ್ರತಿಯಾಗಿ ಕೂಡಲೇ ಸಿಗುವ ಕಾಯಿ ಒಂದೂ ಇಲ್ಲ. ಪದಾತಿಯು ಕುದುರೆಯನ್ನು ಹೊಡೆಯಿತು. ನಡುಭಾಗದ ಕರಿಯ ಪದಾತಿಯು ತಿರುಗಿ ಹೊಡೆಯಿತು. ಆ ಪದಾತಿ ಪಕ್ಕಕ್ಕೆ ಸರಿದದ್ದೇ ತಡ, ಅದರ ಹಿಂದೆ ಮೂಲೆಯಲ್ಲಿ ಅದುವರೆಗೆ ಮೌನವಾಗಿದ್ದ ಒಂಟೆಗೆ ಹಾಸಿನ ಈ ತುದಿಯಿಂದ ಆ ತುದಿಯವರೆಗೆ ದಾರಿ ತೆರೆಯಿತು. ಒಂದು ಕುದುರೆಯ ಬೆಲೆಗೆ ತಾಲ್ ಕೊಂಡದ್ದು ಈ ದಾರಿಯನ್ನು.

ಸಭಾಂಗಣದಲ್ಲಿ ಗದ್ದಲವೆದ್ದಿತು. ಗೋಡೆಯ ಮೇಲಿನ ದೊಡ್ಡ ಹಾಸಿನಲ್ಲಿ ನಡೆಯನ್ನು ಕಂಡ ಪ್ರೇಕ್ಷಕರು ಅದು ಸರಿಯೋ ತಪ್ಪೋ ಎಂದು ಅಲ್ಲಿಯೇ ವಾದಕ್ಕೆ ತೊಡಗಿದರು. ಸದ್ದು ಅಡಗದಿರಲು ಆಟಗಾರರಿಬ್ಬರನ್ನೂ ಹಿಂಬದಿಯ ಕೋಣೆಯೊಂದಕ್ಕೆ ಕರೆದೊಯ್ದು ಆಟವನ್ನು ಮುಂದುವರಿಸಬೇಕಾಯಿತು. ಅಲ್ಲಿ ತಾಲ್ ಅವರ ಮಂತ್ರಿ ಒಂದು ಪದಾತಿಯನ್ನು ಹೊಡೆದು ಬಿಳಿಯ ಆನೆಯ ಬಾಯಿಗೆ ಸಿಕ್ಕಿತು. ಅವರು ಮಂತ್ರಿಯನ್ನು ಹಿಂದೆಗೆಯಲಿಲ್ಲ. ಪದಾತಿಯನ್ನು ಮುಂದೊತ್ತಿ ಎದುರಾಳಿಯ ಮಂತ್ರಿಗೂ ಒಂಟೆಗೂ ಏಕಕಾಲಕ್ಕೆ ಗುರಿಯಿಟ್ಟರು. ಗಡಿಯಾರ ಓಡುತ್ತಿತ್ತು. ಬೊಟ್ವಿನ್ನಿಕ್ ಕರಿಯ ಮಂತ್ರಿಯನ್ನು ಹೊಡೆದರು. ತಾಲ್ ಅವರ ಪದಾತಿ ಬಿಳಿಯ ಮಂತ್ರಿಯನ್ನು ಹೊಡೆಯಿತು. ಹೊಗೆ ಚದುರಿದಾಗ ಉಳಿದ ಕಾಯಿಗಳ ಲೆಕ್ಕ ಸರಿಸಮವಾಗಿತ್ತು. ಆದರೆ ತಾಲ್ ಅವರಿಗೆ ಒಂದು ಪದಾತಿ ಹೆಚ್ಚು, ಜೋಡಿ ಒಂಟೆಗಳ ಬಲ ಹೆಚ್ಚು. ಕೊನೆಗೆ ಒಂದು ಕರಿಯ ಪದಾತಿ ತಡೆಯಿಲ್ಲದೆ ಮುನ್ನಡೆಯುತ್ತಿರಲು ಬೊಟ್ವಿನ್ನಿಕ್ ಸೋಲನ್ನು ಒಪ್ಪಿದರು. ಏಳನೆಯ ಆಟವನ್ನೂ ತಾಲ್ ಗೆದ್ದರು. ಮೇ ತಿಂಗಳಲ್ಲಿ ಪಂದ್ಯ ಮುಗಿದಾಗ ಅವರಿಗೆ ಹನ್ನೆರಡೂವರೆ ಅಂಕ, ಬೊಟ್ವಿನ್ನಿಕ್ ಅವರಿಗೆ ಎಂಟೂವರೆ. ಅದುವರೆಗಿನ ವಿಶ್ವ ಚಾಂಪಿಯನ್ನರಲ್ಲಿ ತಾಲ್ ಅತ್ಯಂತ ಕಿರಿಯರು. ಆ ದಾಖಲೆಯನ್ನು 1985ರಲ್ಲಿ ಕಾಸ್ಪರೋವ್ ಮುರಿದರು. 2024ರಲ್ಲಿ ನಮ್ಮ ದೇಶದ ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ಅದನ್ನೂ ಮೀರಿದರು.

ಇಲ್ಲಿ ಒಂದು ಸತ್ಯವನ್ನು ಹೇಳಲೇಬೇಕು. ಆ ಕುದುರೆಯ ಬಲಿ ಪೂರ್ಣವಾಗಿ ಸರಿಯಾದುದಾಗಿರಲಿಲ್ಲ. ಇಪ್ಪತ್ತೈದನೆಯ ನಡೆಯಲ್ಲಿ ಬೊಟ್ವಿನ್ನಿಕ್ ಮಂತ್ರಿಯನ್ನು ಹೊಡೆಯುವ ಬದಲು ತಮ್ಮ ಒಂಟೆಯಿಂದ ಆ ಪದಾತಿಯನ್ನು ಹೊಡೆದಿದ್ದರೆ ತಾಲ್ ಸಂಕಟಕ್ಕೆ ಸಿಲುಕುತ್ತಿದ್ದರೆಂದು ಆಟದ ನಂತರದ ವಿಶ್ಲೇಷಣೆಗಳು ತೋರಿಸಿದವು. ತಾಳಮದ್ದಳೆಯನ್ನು ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಮಾತಲ್ಲ. ನುರಿತ ಅರ್ಥಧಾರಿಯೊಬ್ಬರು ಪ್ರಸಂಗದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಥಟ್ಟನೆ ಎಸೆದಾಗ ಎದುರಿನವರು ತಬ್ಬಿಬ್ಬಾಗುತ್ತಾರೆ. ತಕ್ಕ ಉತ್ತರ ಹೊಳೆಯುವುದು ಬೆಳಗಿನ ಜಾವ ಮನೆಗೆ ನಡೆಯುವ ದಾರಿಯಲ್ಲಿ. ಉತ್ತರ ಇತ್ತೆಂಬುದು ನಿಜ. ಆ ಹೊತ್ತಿಗೆ ಅದು ಸಿಗಲಿಲ್ಲವೆಂಬುದೂ ನಿಜ. ತಾಲ್ ಆ ಪಂದ್ಯವನ್ನು ಕುರಿತು ತಾವೇ ಒಂದು ಗ್ರಂಥವನ್ನು ಬರೆದರು. ತಾವು ಎಲ್ಲಿ ಎಡವಿದೆವು, ಎಲ್ಲಿ ಅದೃಷ್ಟದಿಂದ ಪಾರಾದೆವು ಎಂಬುದನ್ನು ಅದರಲ್ಲಿ ಮುಚ್ಚಿಡಲಿಲ್ಲ. ಗೆದ್ದವರು ತಮ್ಮ ತಪ್ಪನ್ನು ತಾವೇ ಎತ್ತಿ ತೋರಿಸುವುದು ಅಪರೂಪ.

ಪಟ್ಟ ಬಹುಕಾಲ ಉಳಿಯಲಿಲ್ಲ. ಸೋತವರಿಗೆ ಮರುಪಂದ್ಯದ ಹಕ್ಕಿತ್ತು. ಬೊಟ್ವಿನ್ನಿಕ್ ತಮ್ಮ ಸೋಲನ್ನು ಪಾಠಪುಸ್ತಕದಂತೆ ಅಧ್ಯಯನ ಮಾಡಿ ಸಿದ್ಧರಾದರು. ತಾಲ್ ಅವರಿಗೆ ಮೂತ್ರಪಿಂಡದ ಕಾಯಿಲೆ ಉಲ್ಬಣಿಸಿತ್ತು. ಪಂದ್ಯವನ್ನು ಮುಂದೂಡಬೇಕೆಂದು ವೈದ್ಯರು ಸಲಹೆ ನೀಡಿದರೂ 1961ರಲ್ಲಿ ಅವರು ಆಡಿದರು, ಎಂಟಕ್ಕೆ ಹದಿಮೂರು ಅಂಕಗಳಿಂದ ಸೋತರು. ಮುಂದಿನ ವರ್ಷ ಕುರಸಾವೋ ದ್ವೀಪದ ಪಂದ್ಯಾವಳಿಯನ್ನು ಅರ್ಧಕ್ಕೆ ಬಿಟ್ಟು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಗೆ ಅವರನ್ನು ನೋಡಲು ಹೋದವನು, ಹಿಂದೆ ನಾಲ್ಕು ಬಾರಿ ಅವರಿಂದ ಸೋತ ಫಿಶರ್. 1969ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅವರ ಒಂದು ಮೂತ್ರಪಿಂಡವನ್ನು ತೆಗೆದರು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು. ತಾಲ್ ಅವರ ಎರಡನೆಯ ಬಾಳು ಆಗ ಆರಂಭವಾಯಿತು. 1973ರ ಅಕ್ಟೋಬರಿನಿಂದ ಒಂದು ವರ್ಷ ಕಾಲ 95 ಆಟಗಳನ್ನು ಒಂದೂ ಸೋಲಿಲ್ಲದೆ ಆಡಿದರು. ಆ ದಾಖಲೆ ನಾಲ್ಕು ದಶಕಗಳಿಗೂ ಮಿಕ್ಕಿ ನಿಂತು 2018ರಲ್ಲಿ ಚೀನಾದ ಡಿಂಗ್ ಲಿರೆನ್ ಅವರಿಂದ ಮುರಿಯಲ್ಪಟ್ಟಿತು. ಸೋವಿಯೆತ್ ಚಾಂಪಿಯನ್ ಪದವಿಯನ್ನು ಒಟ್ಟು ಆರು ಬಾರಿ ಗೆದ್ದರು. 1960ರಿಂದ ಹತ್ತು ವರ್ಷ ರಿಗಾದ ಚದುರಂಗ ಪತ್ರಿಕೆಗೆ ಸಂಪಾದಕರಾಗಿದ್ದರು. ಆ ಪತ್ರಿಕೆ ಲಾಟ್ವಿಯನ್ ಮತ್ತು ರಷ್ಯನ್ ಎರಡೂ ಭಾಷೆಗಳಲ್ಲಿ ಹೊರಬರುತ್ತಿತ್ತು. ದೊಡ್ಡ ಭಾಷೆಯ ಪಕ್ಕದಲ್ಲಿ ಸಣ್ಣ ಭಾಷೆಯೂ ಶಾಸ್ತ್ರವಿಷಯಗಳಿಗೆ ಬಳಕೆಯಾದ ಈ ಉದಾಹರಣೆಯನ್ನು ಗಡಿನಾಡಿನ ನಾವು ಗಮನಿಸಬೇಕು. 1988ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಕಾಸ್ಪರೋವ್ ಮತ್ತು ಕಾರ್ಪೋವ್ ಅವರೂ ಭಾಗವಹಿಸಿದ್ದ ಮಿಂಚಿನ ಚದುರಂಗದ ವಿಶ್ವ ಸ್ಪರ್ಧೆಯನ್ನು ಗೆದ್ದರು. 1992ರ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಎದ್ದುಬಂದು ಮಾಸ್ಕೋದ ಒಂದು ಮಿಂಚಿನ ಸ್ಪರ್ಧೆಯಲ್ಲಿ ಆಡಿದರು. ಅಂದು ಪಟ್ಟದಲ್ಲಿದ್ದ ಕಾಸ್ಪರೋವ್ ಅವರನ್ನು ಒಂದು ಆಟದಲ್ಲಿ ಸೋಲಿಸಿದರು. ಜೂನ್ 28ರಂದು ಅವರು ತೀರಿಕೊಂಡರು. ಐವತ್ತೈದು ವರ್ಷ. ಅವರ ಸಮಾಧಿ ಹುಟ್ಟೂರಾದ ರಿಗಾದಲ್ಲಿದೆ.

ಆ ಸುದ್ದಿಯ ತುಣುಕೇ ನಮ್ಮ ಫಲಕದಲ್ಲಿದ್ದುದು. ಈಗ ಬಿಟ್ಟ ಕಥೆಯನ್ನು ಮುಗಿಸುತ್ತೇನೆ. ಅದೇ ವರ್ಷ ಅಂತರ್ ಶಾಲಾ ಸ್ಪರ್ಧೆಯೊಂದಕ್ಕೆ ನಮ್ಮ ತಂಡ ಹೋಯಿತು. ನಿರ್ಣಾಯಕ ಆಟದಲ್ಲಿ ಆ ಹುಡುಗನದು ಕರಿಕಾಯಿ. ಒಂದು ಡ್ರಾ ಆಗಿದ್ದರೆ ಫಲಕ ನಮ್ಮದಾಗುತ್ತಿತ್ತು. ಅವನು ಅದೇ ಕಿಂಗ್ಸ್ ಇಂಡಿಯನ್ ಆಡಿದನು, ತಾಲ್ ಅವರಂತೆಯೇ ಕುದುರೆಯನ್ನು ಕೊಟ್ಟನು, ಸೋತನು. ಮರುದಿನ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ನಾನು ಮಾತಾಡಿದೆ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೈಯಲ್ಲಿರುವುದನ್ನು ಕಾಣದ ಲಾಭಕ್ಕಾಗಿ ಕಳೆದುಕೊಳ್ಳುವವನು ತನ್ನನ್ನು ಮಾತ್ರವಲ್ಲ, ತನ್ನನ್ನು ನಂಬಿದವರನ್ನೂ ಮುಳುಗಿಸುತ್ತಾನೆಂದು ವಿಸ್ತಾರವಾಗಿ ಉಪದೇಶಿಸಿದೆ. ಮಕ್ಕಳೆಲ್ಲ ತಿರುಗಿ ಅವನತ್ತ ನೋಡಿದರು. ಅವನು ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದನು. ಅಂದಿನಿಂದ ಅವನು ಚದುರಂಗದ ಹಾಸನ್ನು ಮುಟ್ಟಲಿಲ್ಲ. ಹತ್ತನೆಯ ತರಗತಿ ಮುಗಿಸಿ ಹೋದವನು ಮತ್ತೆ ಶಾಲೆಯ ಕಡೆಗೆ ಬಂದದ್ದು ನನಗೆ ನೆನಪಿಲ್ಲ.

ಆ ದಿನ ನಾನು ನನ್ನನ್ನು ನ್ಯಾಯವಂತನೆಂದೇ ತಿಳಿದಿದ್ದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಕನ್ನಡ ಶಾಲೆಯೊಂದರ ಮುಖ್ಯೋಪಾಧ್ಯಾಯನಿಗೆ ಒಂದು ಫಲಕವೂ ದೊಡ್ಡದೇ. ಇರುವುದನ್ನು ಕಾಪಾಡಿಕೊಳ್ಳುವುದೇ ನಮ್ಮಂತಹವರ ಧರ್ಮವೆಂದು ನಂಬಿದ್ದೆ. ನಿವೃತ್ತನಾದ ಮೇಲೆ ಮೊಮ್ಮಗನ ಕಂಪ್ಯೂಟರಿನಲ್ಲಿ ಆ ಆರನೆಯ ಆಟವನ್ನು ಮತ್ತೆ ಕಂಡೆ. ಕುದುರೆಯನ್ನು ಇಟ್ಟ ಕ್ಷಣದಲ್ಲಿ ತಾಲ್ ಅವರಿಗೂ ಆಟದ ಕೊನೆ ಪೂರ್ತಿಯಾಗಿ ಕಂಡಿರಲಾರದೆಂದು ಆಗ ಹೊಳೆಯಿತು. ಅವರು ಗೆದ್ದುದರಿಂದ ಅದು ಪ್ರತಿಭೆಯೆನಿಸಿತು. ನಮ್ಮ ಹುಡುಗ ಸೋತುದರಿಂದ ಅದು ಅವಿವೇಕವೆನಿಸಿತು. ಎರಡರ ಹಿಂದೆಯೂ ಇದ್ದ ಧೈರ್ಯ ಒಂದೇ. ನಾನು ರಿಗಾದಲ್ಲಿ ತಾಲ್ ಅವರ ಮುಖ್ಯೋಪಾಧ್ಯಾಯನಾಗಿದ್ದರೆ ಅವರಿಗೂ ಅದೇ ಉಪದೇಶ ಮಾಡುತ್ತಿದ್ದೆ. ಕೋಬ್ಲೆಂಟ್ಸ್ ಅವರಂತಹ ಗುರುಗಳು ಶಿಷ್ಯನ ಆ ಸ್ವಭಾವವನ್ನು ಕತ್ತರಿಸದೆ ಬೆಳೆಸಿದರು. ಸೋತ ಮರುದಿನ ಹುಡುಗನನ್ನು ಕರೆದು ಹಾಸನ್ನು ಬಿಡಿಸಿ, ಎಲ್ಲಿ ತಪ್ಪಿತೆಂದು ಅವನೊಡನೆ ಕುಳಿತು ನೋಡುವುದು ಗುರುವಿನ ಕೆಲಸವಾಗಿತ್ತು. ಸಭೆಯ ಮುಂದೆ ನಿಲ್ಲಿಸುವುದಲ್ಲ.

ಈ ಸಂಚಿಕೆ ಹಳೆ ವಿದ್ಯಾರ್ಥಿಗಳ ಮೂಲಕ ಊರೂರುಗಳಿಗೆ, ದೂರದ ದೇಶಗಳಿಗೂ ತಲಪಲಿದೆ. ಅವನ ಕೈಗೂ ಸೇರೀತೆಂಬ ಆಸೆಯಿಂದಲೇ ಇದನ್ನು ಬರೆದಿದ್ದೇನೆ. ಆ ಹಳೆಯ ಹಾಸು ಇಂದಿಗೂ ಶಾಲೆಯ ಕಪಾಟಿನಲ್ಲಿದೆ. ಕಾಯಿಗಳಲ್ಲಿ ಒಂದು ಪದಾತಿ ಮಾತ್ರ ಕಾಣೆಯಾಗಿದೆ, ಅದರ ಬದಲಿಗೆ ಒಂದು ಗುಂಡಿ ಇಟ್ಟಿದ್ದಾರೆ. ಮಹೋತ್ಸವದ ದಿನ ಬೆಳಿಗ್ಗೆ ಧ್ವಜಾರೋಹಣಕ್ಕೆ ಮೊದಲೇ ನಾನು ಶಾಲೆಗೆ ಬಂದಿರುತ್ತೇನೆ. ಮಗೂ, ನೀನು ಬರುವುದಾದರೆ ಬಾ. ಬಿಳಿಕಾಯಿ ನನಗಿರಲಿ, ಕರಿಕಾಯಿ ನಿನಗೆ. ಕುದುರೆಯನ್ನು ಎಲ್ಲಿ ಬೇಕಾದರೂ ಇಡು. ಈ ಸಲ ಘಂಟೆ ಹೊಡೆದರೂ ನಾನು ಏಳುವುದಿಲ್ಲ.